‘ಸೇಫ್‌ಗಾರ್ಡ್ಸ್’ ಎಂಬುದಕ್ಕೆ ‘ಖಾತ್ರಿ’ ಎನ್ನಬಹುದೇ?

ಪದಾಸಕ್ತರೆಲ್ಲರಿಗೂ ನಮಸ್ಕಾರ.

ವಿದ್ಯುತ್ತು, ವೈದ್ಯಕೀಯ ಮೊದಲಾದ ಕೆಲಸಗಳಿಗೆ ಅಣುಶಕ್ತಿಯನ್ನು ಬಳಸುವ ಹಕ್ಕು ಮತ್ತು ಅದೇ ದಾರಿಯಲ್ಲಿ ಬಾಂಬು ಹುಟ್ಟೀತೆಂಬ ಆತಂಕ, ಇವೆರಡರ ಬಗ್ಗೆ ದೇಶದೇಶಗಳ ನಡುವೆ ನಡೆದುಬಂದ ಮಾತುಕತೆಯನ್ನು ಪರಿಚಯಿಸುವ ದೀರ್ಘ ಬರಹವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ವಿಜ್ಞಾನದ ಪದಗಳು ನನ್ನನ್ನು ಅಷ್ಟಾಗಿ ಕಾಡಲಿಲ್ಲ. ರಿಯಾಕ್ಟರ್, ಯುರೇನಿಯಂ, ಪ್ಲುಟೋನಿಯಂ ಹಾಗೆಯೇ ನಿಲ್ಲುತ್ತವೆ. ಕಾಡಿದ್ದು ಒಪ್ಪಂದಗಳ ಭಾಷೆ, ಅದರಲ್ಲಿಯೂ ‘ಸೇಫ್‌ಗಾರ್ಡ್ಸ್’ ಎಂಬ ಒಂದೇ ಒಂದು ಪದ.

ಮೊದಲ ಕರಡಿನಲ್ಲಿ, ಪತ್ರಿಕೆಗಳಲ್ಲಿ ಕಂಡಂತೆ, ‘ಸುರಕ್ಷತಾ ಒಪ್ಪಂದ’ ಎಂದು ಬರೆದಿದ್ದೆ. ಅದನ್ನು ಓದಿದ ನನ್ನ ಅಣ್ಣನ ಮಗಳು, “ಚಿಕ್ಕಪ್ಪ, ಸೋವಿಯತ್ ಒಕ್ಕೂಟ ಈ ಒಪ್ಪಂದವನ್ನು ಸರಿಯಾಗಿ ಪಾಲಿಸಿದ್ದರೆ ಚೆರ್ನೋಬಿಲ್ ದುರಂತ ಆಗುತ್ತಲೇ ಇರಲಿಲ್ಲ ಅಲ್ಲವೇ?” ಎಂದು ಕೇಳಿದಳು. ಅವಳ ಓದಿನಲ್ಲಿ ತಪ್ಪಿರಲಿಲ್ಲ. ತಪ್ಪು ನನ್ನ ಪದದಲ್ಲಿತ್ತು. 1986ರ ಚೆರ್ನೋಬಿಲ್ ಆಗಲಿ 2011ರ ಫುಕುಶಿಮಾ ಆಗಲಿ ಅಪಘಾತಗಳು, ಅಂದರೆ ‘ಸೇಫ್ಟಿ’ಯ ಸಂಗತಿ. ಕಳ್ಳರು, ಉಗ್ರರು, ದಾಳಿಕೋರರು ಸ್ಥಾವರದೊಳಗೆ ನುಗ್ಗದಂತೆ ಕಾಯುವುದು ‘ಸೆಕ್ಯುರಿಟಿ’. ವಿದ್ಯುತ್ತಿಗೆಂದು ಪಡೆದ ಯುರೇನಿಯಂ ಬಾಂಬಿನ ಕಡೆಗೆ ಸಾಗಿಲ್ಲವೆಂದು ಹೊರಗಿನವರು ಬಂದು ಪರಿಶೀಲಿಸಿ ಹೇಳುವ ಏರ್ಪಾಡು ‘ಸೇಫ್‌ಗಾರ್ಡ್ಸ್’. ಸೇಫ್ಟಿ ಜನರನ್ನು ಯಂತ್ರದಿಂದ ಕಾಯುತ್ತದೆ, ಸೆಕ್ಯುರಿಟಿ ಯಂತ್ರವನ್ನು ದುರುಳರಿಂದ ಕಾಯುತ್ತದೆ. ಸೇಫ್‌ಗಾರ್ಡ್ಸ್ ಕಣ್ಣಿಟ್ಟಿರುವುದು ಸ್ಥಾವರದ ಒಡೆತನವಿರುವ ಸರ್ಕಾರದ ಮೇಲೆಯೇ.

ಉಕ್ರೇನಿನ ಝಪೊರಿಝಿಯಾ ಸ್ಥಾವರದ ಉದಾಹರಣೆ ತೆಗೆದುಕೊಳ್ಳಿ. ಆರು ರಿಯಾಕ್ಟರ್‌ಗಳ ಈ ಸ್ಥಾವರವನ್ನು 2022ರ ಮಾರ್ಚಿನಲ್ಲಿ ರಷ್ಯಾದ ಪಡೆಗಳು ವಶಪಡಿಸಿಕೊಂಡವು. ಅದೇ ವರ್ಷದ ಸೆಪ್ಟೆಂಬರಿನಿಂದ ಅಂತರರಾಷ್ಟ್ರೀಯ ಅಣುಶಕ್ತಿ ಸಂಸ್ಥೆಯ ತಜ್ಞರು ಅಲ್ಲಿ ಬೀಡುಬಿಟ್ಟರು. ಉಕ್ರೇನಿನ ಕುರಿತು ಆ ಸಂಸ್ಥೆ ಹೊರಡಿಸುವ ವರದಿಗಳಲ್ಲಿ ಈ ಮೂರೂ ಪದಗಳು ಸಾಲಾಗಿ ಬರುತ್ತವೆ. ಅದನ್ನು ‘ಸುರಕ್ಷತೆ, ಭದ್ರತೆ ಮತ್ತು ಸುರಕ್ಷತಾ ಕ್ರಮಗಳು’ ಎಂದು ಅನುವಾದಿಸಿದರೆ ಮೂರನೆಯದು ಮೊದಲನೆಯದರ ಬಾಲದಂತೆ ಕಾಣುತ್ತದೆಯೇ ಹೊರತು ಅದೊಂದು ಬೇರೆಯೇ ಕೆಲಸ ಎಂಬುದು ಓದುಗರಿಗೆ ಹೊಳೆಯುವುದೇ ಇಲ್ಲ. ‘ರಕ್ಷಣಾ ಕ್ರಮ’ ಎಂದರೆ ಸೈನ್ಯದ ನೆನಪು ಬರುತ್ತದೆ. ‘ಸುರಕ್ಷೋಪಾಯ’ ಹೊಸತೆಂದು ಕಂಡರೂ ಹೊರಳಿಕೊಂಡು ಅದೇ ಸುರಕ್ಷೆಗೆ ಬಂದು ನಿಲ್ಲುತ್ತದೆ.

ಪದ ಹುಡುಕುವ ಮೊದಲು ಆ ಕೆಲಸವನ್ನೇ ಹತ್ತಿರದಿಂದ ನೋಡಬೇಕೆನ್ನಿಸಿತು. ಅದರ ಜೀವಾಳ ಲೆಕ್ಕ. ಎಷ್ಟು ಇಂಧನ ಬಂತು, ಎಷ್ಟು ಉರಿಯಿತು, ಎಷ್ಟು ಉಳಿಯಿತು ಎಂಬುದನ್ನು ದೇಶ ಬರೆದು ಕೊಡುತ್ತದೆ. ಅಣುಶಕ್ತಿ ಸಂಸ್ಥೆಯ ತನಿಖಾಧಿಕಾರಿಗಳು ಹೋಗಿ ಎಣಿಸುತ್ತಾರೆ, ಅಳೆಯುತ್ತಾರೆ, ಕ್ಯಾಮೆರಾ ಇಡುತ್ತಾರೆ, ಮೊಹರು ಹಾಕುತ್ತಾರೆ. ಬಹುಕಾಲ ಬಳಕೆಯಲ್ಲಿರುವ ಲೋಹದ ಮೊಹರು ನೋಡಲು ನಾಣ್ಯದಷ್ಟೇ ಅಗಲ. ಅದರ ಒಳಮೈಯಲ್ಲಿರುವ ಗೀರುಗಳು ಒಂದರಂತೆ ಇನ್ನೊಂದರಲ್ಲಿ ಇರುವುದಿಲ್ಲ. ಹಾಕುವ ಮೊದಲೇ ಆ ಗೀರುಗಳ ಚಿತ್ರ ತೆಗೆದಿಟ್ಟುಕೊಂಡು, ಮೊಹರನ್ನು ಬಿಚ್ಚಿ ಸಂಸ್ಥೆಯ ಕೇಂದ್ರ ಕಚೇರಿಯಿರುವ ವಿಯೆನ್ನಾಕ್ಕೆ ತಂದ ಮೇಲೆ ಚಿತ್ರದೊಂದಿಗೆ ತಾಳೆ ನೋಡುತ್ತಾರೆ. ಯಾರಾದರೂ ತೆಗೆದು ಬೇರೆಯದನ್ನು ಹಾಕಿದ್ದರೆ ಆಗ ಸಿಕ್ಕಿಬೀಳುತ್ತದೆ. ಒಂದು ಬಾಂಬಿಗೆ ಸಾಕಾಗಬಹುದಾದ ಮೊತ್ತವೆಂದು ಅವರು ಎಣಿಸುವುದು 8 ಕಿಲೋ ಪ್ಲುಟೋನಿಯಂ, ಅಥವಾ ಹೆಚ್ಚು ಪುಷ್ಟೀಕರಿಸಿದ (ಅಂದರೆ ಬಾಂಬಿಗೆ ಬೇಕಾದ 235 ಜಾತಿಯ ಪಾಲನ್ನು ಹೆಚ್ಚಿಸಿದ) ಯುರೇನಿಯಂನಲ್ಲಿರುವ 25 ಕಿಲೋ ಯುರೇನಿಯಂ-235. ಅಷ್ಟು ಕಾಣೆಯಾದರೆ ಸಕಾಲದಲ್ಲಿ ತಿಳಿಯಬೇಕು ಎಂಬುದೇ ಗುರಿ.

1991ರ ಕೊಲ್ಲಿ ಯುದ್ಧದ ನಂತರ ಇರಾಕಿನಲ್ಲಿ ಗುಟ್ಟಾಗಿ ನಡೆದಿದ್ದ ಅಣ್ವಸ್ತ್ರ ಯೋಜನೆ ಬಯಲಾದಾಗ ಇಷ್ಟು ಸಾಲದೆಂದು ಗೊತ್ತಾಯಿತು. ಕೊಟ್ಟ ಲೆಕ್ಕ ಸರಿಯಿದೆಯೇ ಎಂದು ನೋಡಿದರೆ ಸಾಲದು, ಕೊಡದೆ ಬಿಟ್ಟ ಲೆಕ್ಕ ಇನ್ನೇನಾದರೂ ಉಂಟೇ ಎಂದೂ ನೋಡಬೇಕು. ಸೇಫ್‌ಗಾರ್ಡ್ಸ್ ಒಪ್ಪಂದಗಳಿಗೆ ಪೂರಕವಾದ 1997ರ ಹೆಚ್ಚುವರಿ ಪ್ರೋಟೊಕಾಲ್ ಹುಟ್ಟಿದ್ದು ಈ ಕಾರಣದಿಂದ. ಆದ್ದರಿಂದಲೇ ನನಗೆ ಒಮ್ಮೆ ಹಿಡಿಸಿದ್ದ ‘ಲೆಕ್ಕತಪಾಸಣೆ’ ಎಂಬ ಪದವನ್ನೂ ಕೈಬಿಟ್ಟೆ.

ಆಮೇಲೆ ಬೇರೆ ಭಾಷೆಗಳ ಕಡೆ ನೋಡಿದೆ. ಅಣ್ವಸ್ತ್ರಗಳು ಹರಡದಂತೆ ತಡೆಯುವ 1968ರ ಒಪ್ಪಂದಕ್ಕೆ (ಎನ್‌ಪಿಟಿ) ಇಂಗ್ಲಿಷ್, ರಷ್ಯನ್, ಫ್ರೆಂಚ್, ಸ್ಪ್ಯಾನಿಷ್, ಚೀನೀ ಎಂಬ ಐದು ಪಾಠಗಳಿವೆ. ಐದೂ ಸಮಾನವಾಗಿ ಅಧಿಕೃತ. ಇಂಗ್ಲಿಷಿನ ‘ಸೇಫ್‌ಗಾರ್ಡ್ಸ್’ ಇರುವಲ್ಲಿ ಫ್ರೆಂಚರಲ್ಲಿಯೂ ರಷ್ಯನ್ನರಲ್ಲಿಯೂ ಇರುವುದು ನಮಗೆ ಗೊತ್ತಿರುವ ‘ಗ್ಯಾರಂಟಿ’ಯ ಬಳಗದ ಪದಗಳು. ಸ್ಪ್ಯಾನಿಷಿನವರು ಸೇಫ್ಟಿಗೂ ಸೆಕ್ಯುರಿಟಿಗೂ ‘ಸೆಗುರಿದಾದ್’ ಎಂಬ ಒಂದೇ ಪದವನ್ನು ಬಳಸಿ, ಎರಡನೆಯದಕ್ಕೆ ‘ಭೌತಿಕ’ ಎಂಬ ವಿಶೇಷಣ ಸೇರಿಸಿ ಬೇರೆ ಮಾಡುತ್ತಾರೆ. ಪದಗಳು ಒಂದರ ಮೇಲೊಂದು ಬೀಳುವ ತೊಂದರೆ ಅವರಿಗೂ ಇದೆ; ಆದರೂ ಮೂರನೆಯದಕ್ಕೆ ಬೇರೆ ಪದವನ್ನೇ ಇಟ್ಟುಕೊಂಡಿದ್ದಾರೆ.

ಇಲ್ಲಿಂದ ‘ಖಾತ್ರಿ’ ನೆನಪಾಯಿತು. ಈ ಪದಕ್ಕೆ ಕನ್ನಡದಲ್ಲಿ ಎರಡು ಮುಖಗಳಿವೆ, ಮತ್ತು ಎರಡೂ ಇಲ್ಲಿ ಬೇಕು. ಒಬ್ಬರು ಇನ್ನೊಬ್ಬರಿಗೆ ‘ಖಾತ್ರಿ ಕೊಡುತ್ತಾರೆ’, ಅದು ಮಾತು ಕೊಡುವುದು. ಕೇಳಿದವರು ಸ್ವತಃ ಹೋಗಿ ನೋಡಿ ‘ಖಾತ್ರಿ ಮಾಡಿಕೊಳ್ಳುತ್ತಾರೆ’, ಅದು ಪರಿಶೀಲಿಸಿ ನಂಬುವುದು. ದೇಶ ಖಾತ್ರಿ ಕೊಡುತ್ತದೆ, ಸಂಸ್ಥೆ ಖಾತ್ರಿ ಮಾಡಿಕೊಳ್ಳುತ್ತದೆ. ಇಡೀ ವ್ಯವಸ್ಥೆ ಇದೇ ಆಗಿದೆ. ಇಂಗ್ಲಿಷಿನ ಪದದಲ್ಲಿ ಈ ಎರಡು ಕೈಗಳು ಕಾಣುವುದಿಲ್ಲ, ಕನ್ನಡದಲ್ಲಿ ಕ್ರಿಯಾಪದ ಬದಲಾದ ಮಾತ್ರಕ್ಕೆ ಕಾಣುತ್ತವೆ. ಇದು ನನಗೆ ತುಂಬ ಸಂತೋಷ ಕೊಟ್ಟಿತು. ಹಾಗಾಗಿ ಸುರಕ್ಷತೆ, ಭದ್ರತೆ, ಖಾತ್ರಿ ಎಂಬ ಮೂರನ್ನು ಬೇರೆಬೇರೆಯಾಗಿ ಇಟ್ಟುಕೊಳ್ಳೋಣ ಎಂಬುದು ನನ್ನ ಸೂಚನೆ. ‘ಉದ್ಯೋಗ ಖಾತ್ರಿ’ಯಲ್ಲಿ ಇರುವಂತೆ ಈ ಪದ ಸರ್ಕಾರದ ಆಶ್ವಾಸನೆಯನ್ನಷ್ಟೇ ಸೂಚಿಸುತ್ತದೆ ಎಂಬ ಆಕ್ಷೇಪ ಬರಬಹುದು. ಆ ಆಕ್ಷೇಪಕ್ಕೆ ತೂಕವಿದೆ, ಆದರೆ ‘ಮಾಡಿಕೊಳ್ಳು’ ಎಂಬ ಬಳಕೆ ಇಂದಿಗೂ ಜೀವಂತವಾಗಿರುವುದರಿಂದ ಅದು ಈ ಪದವನ್ನು ತಳ್ಳಿಹಾಕುವಷ್ಟು ದೊಡ್ಡದಲ್ಲವೆಂದು ನನಗೆ ತೋರುತ್ತದೆ.

ಇದಕ್ಕೆ ಅಂಟಿಕೊಂಡ ಇನ್ನೊಂದು ಪ್ರಶ್ನೆ ಆ 1968ರ ಒಪ್ಪಂದದ ಹೆಸರೇ. ‘ಅಣ್ವಸ್ತ್ರ ಪ್ರಸರಣ ನಿಷೇಧ ಒಪ್ಪಂದ’ ಎಂಬುದು ನಮ್ಮಲ್ಲಿ ಬೇರೂರಿದೆ. ಆದರೆ 1996ರ ಅಣುಪರೀಕ್ಷಾ ನಿಷೇಧ ಒಪ್ಪಂದವಿದೆ. 2017ರಲ್ಲಿ ಅಂಗೀಕೃತವಾಗಿ 2021ರ ಜನವರಿಯಲ್ಲಿ ಜಾರಿಗೆ ಬಂದ, ಅಸ್ತ್ರಗಳನ್ನೇ ನಿಷೇಧಿಸುವ ಒಪ್ಪಂದವೂ ಇದೆ. ಈ ಕೊನೆಯದಕ್ಕೆ ಅಣ್ವಸ್ತ್ರವುಳ್ಳ ಒಂದು ದೇಶವೂ ಸಹಿ ಹಾಕಿಲ್ಲ. ಹೆಸರುಗಳಲ್ಲಿ ‘ಪ್ರಸರಣ’ ಎಂಬ ಒಂದು ಪದದಷ್ಟೇ ವ್ಯತ್ಯಾಸವಿದ್ದರೆ ಅವಸರದ ಓದಿನಲ್ಲಿ ಎರಡೂ ಒಂದಾಗಿಬಿಡುತ್ತವೆ. 1968ರ ಒಪ್ಪಂದ ಎಲ್ಲರ ಅಸ್ತ್ರಗಳನ್ನು ನಿಷೇಧಿಸಿಲ್ಲ. 1967ರ ಜನವರಿ 1ಕ್ಕೆ ಮೊದಲು ಸ್ಫೋಟ ನಡೆಸಿದ್ದ ಐದು ದೇಶಗಳನ್ನು ಅಣ್ವಸ್ತ್ರ ದೇಶಗಳೆಂದೇ ಗುರುತಿಸಿ, ಉಳಿದವರಿಗೆ ಬೇಡವೆಂದಿತು. ಬದಲಿಗೆ ಶಾಂತಿಯುತ ಬಳಕೆಯ ಹಕ್ಕನ್ನು ನಾಲ್ಕನೆಯ ವಿಧಿಯಲ್ಲಿ ಎತ್ತಿಹಿಡಿಯಿತು. ರಷ್ಯನ್ ಮತ್ತು ಚೀನೀ ಪಾಠಗಳ ಶೀರ್ಷಿಕೆಯ ನೇರ ಅರ್ಥ ‘ಹರಡದಿರುವಿಕೆ’. ‘ನಿಷೇಧ’ದ ಜಾಗದಲ್ಲಿ, ಕೆಲವರು ಈಗಾಗಲೇ ಬರೆಯುತ್ತಿರುವಂತೆ, ‘ತಡೆ’ ಎಂದರೆ ಸಾಕೆಂದು ನನ್ನ ಅಭಿಪ್ರಾಯ. ‘ಪ್ರಸರಣ’ ಪತ್ರಿಕಾ ಕಚೇರಿಯ ಪ್ರಸರಣ ವಿಭಾಗವನ್ನು ನೆನಪಿಸಿದರೂ ಬಳಕೆಯಲ್ಲಿ ಗಟ್ಟಿಯಾಗಿರುವುದರಿಂದ ಅದನ್ನು ಕದಲಿಸಬೇಕಾಗಿಲ್ಲ.

‘ಸಿವಿಲ್ ನ್ಯೂಕ್ಲಿಯರ್’ ಎಂಬುದಕ್ಕೆ ಬಳಸುವ ‘ನಾಗರಿಕ ಅಣುಶಕ್ತಿ’ಯ ಬಗ್ಗೆ ನನಗೆ ಇನ್ನೂ ಹೆಚ್ಚು ಅಸಮಾಧಾನವಿದೆ. ಕನ್ನಡದ ಕಿವಿಗೆ ‘ನಾಗರಿಕ’ದ ವಿರುದ್ಧ ಪದ ‘ಅನಾಗರಿಕ’. ‘ಸೈನಿಕ’ ಎಂಬುದು ಹೊಳೆಯುವುದಿಲ್ಲ. ‘ಶಾಂತಿಯುತ’ ಎಂದು ಬದಲಿಸಿದರೆ ಅರ್ಥವೇ ಬದಲಾಗುತ್ತದೆ: ಭಾರತ 1974ರಲ್ಲಿ ಪೋಖ್ರಾನಿನಲ್ಲಿ ನಡೆಸಿದ್ದನ್ನು ಶಾಂತಿಯುತ ಸ್ಫೋಟವೆಂದೇ ಕರೆಯಿತು, 1968ರ ಒಪ್ಪಂದದ ಐದನೆಯ ವಿಧಿಯೂ ಸ್ಫೋಟಗಳ ಶಾಂತಿಯುತ ಉಪಯೋಗದ ಮಾತನ್ನಾಡುತ್ತದೆ. ಜಲಾಂತರ್ಗಾಮಿಯ ರಿಯಾಕ್ಟರ್ ಬಾಂಬಲ್ಲ, ಆದರೆ ಸೇನೆಯದು. 1957ರಲ್ಲಿ ಜಾರಿಗೆ ಬಂದ ಅಣುಶಕ್ತಿ ಸಂಸ್ಥೆಯ ಶಾಸನ ತನ್ನ ನೆರವು ‘ಯಾವುದೇ ಸೈನಿಕ ಉದ್ದೇಶ’ಕ್ಕೆ ಬಳಕೆಯಾಗಬಾರದೆಂದರೆ, 1968ರ ಒಪ್ಪಂದ ‘ಅಣ್ವಸ್ತ್ರ ಮತ್ತು ಇತರ ಅಣುಸ್ಫೋಟಕ ಸಾಧನ’ಗಳನ್ನಷ್ಟೇ ಹೆಸರಿಸುತ್ತದೆ. ಈ ಎರಡು ಗಡಿಗಳ ನಡುವಿನ ಜಾಗದಲ್ಲಿಯೇ ಇಂದಿನ ಎಷ್ಟೋ ವಾದಗಳು ನಿಂತಿರುವಾಗ ನಮ್ಮ ಪದ ಮಸುಕಾಗಿರಬಾರದು. ‘ಸೇನೇತರ’ ಎಂದು ಬರೆದು ನೋಡಿದ್ದೇನೆ, ಓದಲು ಒರಟೆನಿಸುವುದಿಲ್ಲ.

‘ಎನ್‌ರಿಚ್‌ಮೆಂಟ್’ ಎಂಬುದಕ್ಕೆ ಕೆಲವರು ಬರೆಯುವ ಯುರೇನಿಯಂ ‘ಶುದ್ಧೀಕರಣ’ದ ಬಗ್ಗೆ ಒಂದೇ ಮಾತು. ಅಲ್ಲಿ ಕೊಳೆ ತೆಗೆಯುವುದಿಲ್ಲ. ಸಹಜ ಯುರೇನಿಯಂನ 1000 ಪರಮಾಣುಗಳಲ್ಲಿ 235 ಜಾತಿಯವು ಸುಮಾರು 7. ಉಳಿದವುಗಳಲ್ಲಿ 825ನ್ನು ಬೇರೆ ಮಾಡಿದರೆ 175ರಲ್ಲಿ 7, ಅಂದರೆ ಶೇಕಡ 4, ವಿದ್ಯುತ್ ಸ್ಥಾವರದ ಇಂಧನ. 35ರಲ್ಲಿ 7 ಎಂದರೆ ಶೇಕಡ 20. 8ರಲ್ಲಿ 7 ಆಗುವ ಹೊತ್ತಿಗೆ ಬಾಂಬಿನ ಹತ್ತಿರ. ತೆಗೆದದ್ದೂ ಉಳಿದದ್ದೂ ಯುರೇನಿಯಂನೇ ಆದ್ದರಿಂದ ‘ಪುಷ್ಟೀಕರಣ’ವೇ ಸರಿ.

ಕೊನೆಗೆ ನನಗೆ ಬಿಡಿಸಲಾಗದ ಒಂದು ವಾಕ್ಯವನ್ನು ನಿಮ್ಮ ಮುಂದಿಡುತ್ತೇನೆ. ಸೇನೆಯ ಮತ್ತು ಸೇನೇತರ ಸ್ಥಾವರಗಳನ್ನು ಬೇರೆ ಮಾಡುವ 2006ರ ವಿಂಗಡಣಾ ಯೋಜನೆಯಲ್ಲಿ ಭಾರತ ತನ್ನ 22 ವಿದ್ಯುತ್ ರಿಯಾಕ್ಟರ್‌ಗಳ ಪೈಕಿ 14ನ್ನು ಸೇಫ್‌ಗಾರ್ಡ್ಸ್ ವ್ಯವಸ್ಥೆಯೊಳಗೆ ತರಲು ಒಪ್ಪಿತು. ಆ ಹದಿನಾಲ್ಕನ್ನು ‘ಖಾತ್ರಿಗೆ ಒಳಪಟ್ಟ ರಿಯಾಕ್ಟರ್‌ಗಳು’ ಎನ್ನಬಹುದೇ? ‘ಖಾತ್ರಿಗೆ ಒಳಪಡು’ ಎಂಬುದು ನನ್ನ ಕಿವಿಗೆ ಇನ್ನೂ ಒಗ್ಗಿಲ್ಲ. ‘ಖಾತ್ರಿ ವ್ಯವಸ್ಥೆಗೆ ಒಳಪಟ್ಟ’ ಎಂದರೆ ಒಗ್ಗುತ್ತದೆ, ಆದರೆ ಪ್ರತಿ ಸಾಲಿನಲ್ಲೂ ಉದ್ದವಾಗುತ್ತದೆ. ಇದಕ್ಕೆ ಚಿಕ್ಕದಾದ, ಆಡುಮಾತಿಗೆ ಹೊಂದುವ ರೂಪ ಹೊಳೆದವರು, ಅಥವಾ ‘ಖಾತ್ರಿ’ಯನ್ನು ಈ ಅರ್ಥದಲ್ಲಿ ಹಿಂದೆ ಯಾರಾದರೂ ಬಳಸಿದ್ದನ್ನು ಕಂಡವರು ದಯವಿಟ್ಟು ತಿಳಿಸಬೇಕಾಗಿ ಕೋರುತ್ತೇನೆ.