ಅಮ್ಮನ ಅಂಗಾಲಿನ ಮಚ್ಚೆ ದೊಡ್ಡದಾಗ್ತಿದೆ, ತೋರಿಸಬೇಕಾ?

ಅಮ್ಮನಿಗೆ 58. ಬಲ ಅಂಗಾಲಲ್ಲಿ ಮೊದಲಿಂದಲೂ ಸಾಸಿವೆಯಷ್ಟು ಮಚ್ಚೆ ಇತ್ತು. ಯುಗಾದಿಯಿಂದೀಚೆಗೆ ಹುಣಸೆ ಬೀಜದಷ್ಟಾಗಿದೆ. ನೋವಿಲ್ಲ. "ಅಂಗಾಲ ಮಚ್ಚೆ, ವಿದೇಶ ಯೋಗ" ಅಂತ ನಗ್ತಾರೆ. ಪಕ್ಕದ ಮನೆಯವರು ಸುಣ್ಣ, ಸೋಡಾ ಕಲಸಿ ಹಚ್ಚಿ ಅಂತಿದ್ದಾರೆ. ಯಾರಿಗಾದರೂ ಅನುಭವ ಇದೆಯಾ?

— ಸುಣ್ಣ ಮಾತ್ರ ಬೇಡ ಕಣ್ರೀ. ನಮ್ಮಪ್ಪನಿಗೆ ಹಿಮ್ಮಡಿಯಲ್ಲಿ ಹೀಗೇ ಆಗಿತ್ತು. ತೋಟದಲ್ಲಿ ಬರಿಗಾಲಲ್ಲೇ ಓಡಾಡೋರು, ಮುಳ್ಳು ಚುಚ್ಚಿ ರಕ್ತ ಹೆಪ್ಪುಗಟ್ಟಿದೆ ಅಂದುಕೊಂಡ್ವಿ. ಆಮೇಲೆ ಆಣಿ ಅಂತ ಪಟ್ಟಿ ಅಂಟಿಸಿದ್ವಿ. ಎಂಟು ತಿಂಗಳು ಹೀಗೇ ಕಳೀತು. ಒಂದು ಕಡೆ ಕಾಡಿಗೆ ಕಪ್ಪು, ಇನ್ನೊಂದು ಕಡೆ ಮಾಸಲು ಕಂದು, ಅಂಚು ಶಾಯಿ ಹೀರಿದ ಕಾಗದದ ಹಾಗೆ. ಚರ್ಮದ ಡಾಕ್ಟರು ಡರ್ಮೋಸ್ಕೋಪ್ ಅನ್ನೋ ದೀಪದ ಭೂತಗನ್ನಡಿ ಇಟ್ಟು ನೋಡಿದವರೇ ಬಯಾಪ್ಸಿಗೆ ಬರೆದರು. ಮೆಲನೋಮ, ಅಂದರೆ ಒಂದು ಬಗೆಯ ಚರ್ಮದ ಕ್ಯಾನ್ಸರ್. ಪುಣ್ಯಕ್ಕೆ ತೊಡೆಸಂದಿಗೆ ಹಬ್ಬಿರಲಿಲ್ಲ. ಅಗಲವಾಗಿ ಕತ್ತರಿಸಿ, ತೊಡೆಯ ಚರ್ಮ ತಂದು ಕಸಿ ಮಾಡಿದರು. ಆರು ವರ್ಷವಾಯ್ತು, ಈಗ ಬೂಟು ಹಾಕದೆ ತೋಟಕ್ಕೆ ಇಳಿಯಲ್ಲ.

ನಮ್ಮಂಥ ಕಂದು ಚರ್ಮದವರಿಗೆ ಈ ಕ್ಯಾನ್ಸರ್ ಅಪರೂಪ. ಬಂದರೆ ಮಾತ್ರ ಅಂಗಾಲು, ಅಂಗೈ, ಉಗುರಿನಡಿ ಇಂಥ ಕಡೆಯೇ ಹೆಚ್ಚು. ಬಿಸಿಲು ಬೀಳದ ಜಾಗ, ಯಾರು ನೋಡ್ತಾರೆ? ಎರಡು ಅರ್ಧ ಒಂದಕ್ಕೊಂದು ಹೊಂದದಿರೋದು, ಅಂಚು ಅಂಕುಡೊಂಕು, ಎರಡು ಮೂರು ಬಣ್ಣ, ಪೆನ್ಸಿಲ್ ಹಿಂಬದಿಗಿಂತ ಅಂದರೆ 6 ಮಿ.ಮೀ.ಗಿಂತ ದೊಡ್ಡದು, ಇವೆಲ್ಲ ಲಕ್ಷಣ. ನನ್ನ ಕೇಳಿದರೆ ಎಲ್ಲಕ್ಕಿಂತ ಮುಖ್ಯ, ಮಚ್ಚೆ ಬದಲಾಗ್ತಿದೆ ಅನ್ನೋದೇ.

— ನಂದು ಉಲ್ಟಾ ಕಥೆ. ನಲವತ್ತು ದಾಟಿದ ಮೇಲೆ ಕೆನ್ನೆ ತುಂಬ ಸಣ್ಣ ಕರಿ ಚುಕ್ಕಿ. ಹೆದರಿ ಹೋದೆ, ನಿರಪಾಯ ಅಂದರು, ನಮ್ಮಮ್ಮನಿಗೂ ಇತ್ತು. ಆದರೆ ಗಾಯವಿಲ್ಲದೆ ರಕ್ತ ಜಿನುಗಿದರೆ, ತುರಿಕೆ ಬಿಡದಿದ್ದರೆ ತಡ ಮಾಡಬೇಡಿ ಅಂದರು. ಪಾರ್ಲರಿನಲ್ಲಿ ಸುಡಿಸಬೇಡಿ ಅಂತಲೂ ಹೇಳಿದರು: ಸುಟ್ಟರೆ ಲ್ಯಾಬಿಗೆ ಕಳಿಸೋಕೆ ತುಣುಕೇ ಉಳಿಯಲ್ಲ.

— ಉಗುರನ್ನೂ ನೋಡಿ. ಹಾಡುಗಾರ ಬಾಬ್ ಮಾರ್ಲಿಗೆ 1977ರಲ್ಲಿ ಕಾಲ್ಬೆರಳಿನ ಉಗುರಿನಡಿ ಸಿಕ್ಕಿದ್ದು ಇದೇ ಮೆಲನೋಮ, ಫುಟ್‌ಬಾಲ್ ಪೆಟ್ಟು ಅಂದುಕೊಂಡಿದ್ದರಂತೆ. 1981ರಲ್ಲಿ ತೀರಿಕೊಂಡಾಗ ಬರೀ 36. ಹಲವು ಉಗುರಲ್ಲಿ ತೆಳು ಕಪ್ಪು ಗೆರೆ ನಮ್ಮಲ್ಲಿ ಮಾಮೂಲಿ. ಒಂದೇ ಉಗುರಲ್ಲಿ ಹೊಸದಾಗಿ ಬಂದು ಅಗಲವಾದರೆ ತೋರಿಸಿ.

— ಕೇಳಿದ್ದು ನಾನೇ. ಶನಿವಾರಕ್ಕೆ ಚರ್ಮದ ಡಾಕ್ಟರ ಹತ್ತಿರ ಟೋಕನ್ ಸಿಕ್ಕಿದೆ. ಸ್ಕೇಲ್ ಇಟ್ಟು ಫೋಟೊ ತೆಗೆದೆ, 11 ಮಿ.ಮೀ. "ಪಾಸ್‌ಪೋರ್ಟಿಗೆ ಕಾಲಿನ ಫೋಟೊನೂ ಬೇಕೇನೇ?" ಅಂದರು ಅಮ್ಮ.