ಲಿಂಕನ್ ಗುಲಾಮರ ಬಿಡುಗಡೆಗಾಗಿಯೇ ಹೋರಾಡಿದರಾ? ಇತಿಹಾಸ ಉಪನ್ಯಾಸಕಿಗೆ ನಿಮ್ಮ ಪ್ರಶ್ನೆಗಳು

ಪ್ರಶ್ನೆ (ಬಿ.ಎ. ವಿದ್ಯಾರ್ಥಿನಿ, ಹಾವೇರಿ):
ಮೇಡಂ, ನಮಸ್ತೆ. ಮುಂದಿನ ವಾರ ಕಾಲೇಜಿನಲ್ಲಿ ಚರ್ಚಾ ಸ್ಪರ್ಧೆ ಇದೆ. ವಿಷಯ 'ಅಬ್ರಹಾಂ ಲಿಂಕನ್ ನಿಜವಾದ ನಾಯಕ'. ನಾನು ಪರ ಮಾತಾಡಬೇಕು. ಎದುರು ತಂಡದವರು ಒಂದು ಸಾಲು ಹಿಡಿದುಕೊಂಡು ಕೂತಿದ್ದಾರೆ. 'ಒಬ್ಬ ಗುಲಾಮನನ್ನೂ ಬಿಡಿಸದೆ ಒಕ್ಕೂಟ ಉಳಿಸೋಕೆ ಆಗುತ್ತೆ ಅಂದ್ರೆ ಹಾಗೇ ಮಾಡ್ತೀನಿ' ಅಂತ ಲಿಂಕನ್ ಬರೆದಿದ್ದರಂತೆ. ಇದು ನಿಜವಾ? ನಿಜವಾದ್ರೆ ನಾನು ಏನು ಹೇಳಲಿ?

ಉತ್ತರ:
ನಮಸ್ಕಾರ. ನಿಜ, ಆ ಮಾತು ಲಿಂಕನ್ ಅವರದ್ದೇ. ಅದನ್ನು ಅಲ್ಲಗಳೆಯೋಕೆ ಹೋಗಬೇಡಿ. ಆದರೆ ಪತ್ರದ ತಾರೀಖು ಕೇಳಿ. ಆಗ ಅಮೆರಿಕದಲ್ಲಿ ಅಂತರ್ಯುದ್ಧ ನಡೆಯುತ್ತಿತ್ತು. ಗುಲಾಮಗಿರಿ ಇದ್ದ ದಕ್ಷಿಣದ ರಾಜ್ಯಗಳು ಒಕ್ಕೂಟದಿಂದ, ಅಂದರೆ ಅಮೆರಿಕ ಸಂಯುಕ್ತ ಸಂಸ್ಥಾನದಿಂದ, ಬೇರೆಯಾಗುತ್ತೇವೆ ಅಂತ ಬಂಡೆದ್ದಿದ್ದವು. ಅಧ್ಯಕ್ಷ ಲಿಂಕನ್ ಉತ್ತರದ ಕಡೆ ಇದ್ದರು.

ನ್ಯೂಯಾರ್ಕ್ ಟ್ರಿಬ್ಯೂನ್ ಪತ್ರಿಕೆಯ ಸಂಪಾದಕ ಹೊರೇಸ್ ಗ್ರೀಲಿ 1862ರ ಆಗಸ್ಟ್ 20ರಂದು ಲಿಂಕನ್ ಅವರನ್ನು ಕಟುವಾಗಿ ಟೀಕಿಸಿ ಬಹಿರಂಗ ಪತ್ರ ಬರೆದರು. ಗುಲಾಮಗಿರಿ ವಿಷಯದಲ್ಲಿ ನೀವು ಮೆತ್ತಗಾಗಿದ್ದೀರಿ ಅನ್ನೋದು ಅವರ ದೂರು. ಎರಡೇ ದಿನಕ್ಕೆ, ಆಗಸ್ಟ್ 22ರಂದು ಲಿಂಕನ್ ಉತ್ತರ ಕೊಟ್ಟರು. ಎದುರು ತಂಡ ಹೇಳುವ ಸಾಲು ಅದರಲ್ಲಿದೆ. ಒಕ್ಕೂಟ ಉಳಿಸೋದೇ ನನ್ನ ಮುಖ್ಯ ಗುರಿ, ಅದಕ್ಕಾಗಿ ಎಲ್ಲ ಗುಲಾಮರನ್ನು ಬಿಡಿಸಬೇಕಾದರೆ ಅದನ್ನೂ ಮಾಡುತ್ತೇನೆ, ಕೆಲವರನ್ನು ಮಾತ್ರ ಬಿಡಿಸಬೇಕಾದರೆ ಅದನ್ನೂ ಮಾಡುತ್ತೇನೆ ಅಂತಲೂ ಅಲ್ಲೇ ಇದೆ. ಕೊನೆಯ ಸಾಲನ್ನು ಮಾತ್ರ ಯಾರೂ ಓದುವುದಿಲ್ಲ. ಇದು ನನ್ನ ಹುದ್ದೆಯ ಕರ್ತವ್ಯದ ಮಾತು, ಎಲ್ಲ ಕಡೆಯ ಎಲ್ಲ ಮನುಷ್ಯರೂ ಸ್ವತಂತ್ರರಾಗಿರಬೇಕು ಅನ್ನೋ ನನ್ನ ಸ್ವಂತ ಆಸೆ ಬದಲಾಗಿಲ್ಲ ಅಂತ ಅವರು ಪತ್ರ ಮುಗಿಸುತ್ತಾರೆ.

ಈಗ ತಾರೀಖಿನ ವಿಷಯ. ಇದಕ್ಕೆ ಸರಿಯಾಗಿ ಒಂದು ತಿಂಗಳ ಹಿಂದೆ, ಜುಲೈ 22ರಂದು, ಬಂಡೆದ್ದ ಪ್ರದೇಶಗಳ ಗುಲಾಮರು ಸ್ವತಂತ್ರರು ಅಂತ ಸಾರುವ ವಿಮೋಚನಾ ಘೋಷಣೆಯ ಕರಡನ್ನು ಲಿಂಕನ್ ತಮ್ಮ ಸಂಪುಟದ ಮುಂದೆ ಓದಿ ಆಗಿತ್ತು! ವಿದೇಶಾಂಗ ಕಾರ್ಯದರ್ಶಿ ವಿಲಿಯಂ ಸೀವರ್ಡ್ ಒಂದು ಸಲಹೆ ಕೊಟ್ಟರು. ನಮ್ಮ ಸೈನ್ಯ ಸೋಲುತ್ತಿದೆ, ಈಗ ಇದನ್ನು ಹೊರಡಿಸಿದರೆ ಸೋತು ಓಡುವವರ ಕೊನೆಯ ಕೂಗಿನ ಹಾಗೆ ಕೇಳಿಸುತ್ತೆ, ಒಂದು ಗೆಲುವು ಬರಲಿ ಅಂದರು. ಲಿಂಕನ್ ಒಪ್ಪಿ ಕಾದರು. ಗ್ರೀಲಿಗೆ ಉತ್ತರ ಬರೆಯುವಾಗ ಕರಡು ಅವರ ಬಳಿಯೇ ಇತ್ತು. ಅಂದರೆ ಆ ಪತ್ರ, ಗುಲಾಮರ ಬಿಡುಗಡೆಯನ್ನು ಒಪ್ಪದ ಉತ್ತರದ ಜನರನ್ನೂ ಅದಕ್ಕೆ ಸಿದ್ಧ ಮಾಡುತ್ತಿತ್ತು. ಬಿಡುಗಡೆ ಮಾಡಿದರೆ ಅದು ಒಕ್ಕೂಟ ಉಳಿಸೋದಕ್ಕೇ ಅಂತ ಅವರಿಗೆ ಮುಂಚೆಯೇ ಹೇಳಿಟ್ಟ ಹಾಗಾಯಿತು.

ಸೆಪ್ಟೆಂಬರ್ 17ರಂದು ಮೇರಿಲ್ಯಾಂಡಿನ ಆ್ಯಂಟೀಟಮ್ ಹೊಳೆಯ ಬಳಿ ಕಾಳಗ ನಡೆಯಿತು. ಸತ್ತವರು, ಗಾಯಗೊಂಡವರು, ಕಾಣೆಯಾದವರು ಸೇರಿ ಎರಡೂ ಕಡೆ ಸುಮಾರು 23,000 ಜನ, ಅದೂ ಒಂದೇ ದಿನದಲ್ಲಿ. ಪೂರ್ತಿ ಗೆಲುವು ಅಂತ ಹೇಳೋಕೆ ಆಗಲ್ಲ, ಆದರೆ ದಕ್ಷಿಣದ ಸೈನ್ಯ ಹಿಂದೆ ಸರಿಯಿತು. ಲಿಂಕನ್‌ಗೆ ಅಷ್ಟು ಸಾಕಾಯಿತು. ಐದು ದಿನದಲ್ಲಿ ಪ್ರಾಥಮಿಕ ಘೋಷಣೆ ಹೊರಬಂತು.

ಪ್ರಶ್ನೆ (ಹೈಸ್ಕೂಲ್ ಶಿಕ್ಷಕರು, ಶಿವಮೊಗ್ಗ):
ಮೇಡಂ, ಆದರೆ ಆ ಘೋಷಣೆ ದಕ್ಷಿಣದ ಬಂಡಾಯ ಪ್ರದೇಶಗಳಿಗೆ ಮಾತ್ರ ಅನ್ವಯ ಆಗಿತ್ತಲ್ವಾ? ಒಕ್ಕೂಟದಲ್ಲೇ ಉಳಿದಿದ್ದ ಗುಲಾಮಗಿರಿ ರಾಜ್ಯಗಳನ್ನು ಬಿಟ್ಟುಬಿಟ್ಟರು. ಕೈಗೆ ಸಿಗದವರನ್ನು ಬಿಡಿಸಿದೆ ಅನ್ನೋದು, ಸಿಗುವವರನ್ನು ಹಾಗೇ ಬಿಡೋದು. ಮಕ್ಕಳು ಕೇಳಿದರೆ ಏನು ಹೇಳೋದು?

ಉತ್ತರ:
ಸರ್, ಒಳ್ಳೆಯ ಪ್ರಶ್ನೆ. ಡೆಲವೇರ್, ಮೇರಿಲ್ಯಾಂಡ್, ಕೆಂಟಕಿ, ಮಿಸ್ಸೂರಿ ಈ ನಾಲ್ಕು ಗಡಿ ರಾಜ್ಯಗಳು ಘೋಷಣೆಯಿಂದ ಹೊರಗಿದ್ದವು. ಟೆನೆಸ್ಸಿಯೂ ಹೊರಗೆ, ಲೂಯಿಸಿಯಾನ ಮತ್ತು ವರ್ಜೀನಿಯಾದ ಕೆಲವು ಭಾಗಗಳೂ ಹೊರಗೆ.

ಇದಕ್ಕೆ ಕಾರಣ ಕಾನೂನಿನಲ್ಲಿದೆ. ಶಾಂತಿಕಾಲದಲ್ಲಿ ಒಂದು ರಾಜ್ಯದೊಳಗಿನ ಗುಲಾಮಗಿರಿಯನ್ನು ರದ್ದು ಮಾಡುವ ಅಧಿಕಾರ ಅಮೆರಿಕದ ಅಧ್ಯಕ್ಷರಿಗೆ ಇರಲಿಲ್ಲ. ಲಿಂಕನ್ ಬಳಸಿದ್ದು ಸೇನೆಯ ಮಹಾದಂಡನಾಯಕನಿಗೆ ಯುದ್ಧಕಾಲದಲ್ಲಿ ಇರುವ ಅಧಿಕಾರ. ಶತ್ರುವಿನ ಬಲ ಕುಗ್ಗಿಸೋಕೆ ಅಂತ ಅದನ್ನು ಬಳಸಬಹುದಿತ್ತು. ನಿಷ್ಠೆಯಿಂದ ಉಳಿದ ರಾಜ್ಯದ ಮೇಲೆ ಬಳಸಿದ್ದರೆ ಕೋರ್ಟು ಅದನ್ನು ತಳ್ಳಿಹಾಕುವ ಅಪಾಯ ಇತ್ತು. ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿ ಆಗ ರೋಜರ್ ಟೇನಿ. 1857ರಲ್ಲಿ ಡ್ರೆಡ್ ಸ್ಕಾಟ್ ಪ್ರಕರಣದಲ್ಲಿ ಕಪ್ಪು ಜನ ಅಮೆರಿಕದ ನಾಗರಿಕರೇ ಆಗಲಾರರು ಅಂತ ಬರೆದವರು ಇವರೇ. ಜೊತೆಗೆ ಕೆಂಟಕಿ ಕೈತಪ್ಪಿದರೆ ಯುದ್ಧವೇ ಕೈತಪ್ಪಿದಂತೆ ಅನ್ನೋ ಭಯ ಲಿಂಕನ್‌ಗೆ ಇತ್ತು. 1861ರಲ್ಲಿ ಉತ್ತರದ ಸೈನ್ಯದ ಜನರಲ್ ಫ್ರೆಮಾಂಟ್ ಮಿಸ್ಸೂರಿಯಲ್ಲಿ ತಾನೇ ಬಿಡುಗಡೆಯ ಆದೇಶ ಹೊರಡಿಸಿದಾಗ ಲಿಂಕನ್ ಅದನ್ನು ತಡೆದದ್ದೂ ಇದೇ ಕಾರಣಕ್ಕೆ.

ಆದರೆ ಘೋಷಣೆ 'ಒಬ್ಬರನ್ನೂ ಬಿಡಿಸಲಿಲ್ಲ' ಅಂತ ಯಾರಾದರೂ ಹೇಳಿದರೆ ಅದು ಮಾತ್ರ ತಪ್ಪು. ದಕ್ಷಿಣ ಕೆರೊಲಿನಾದ ಕರಾವಳಿ ದ್ವೀಪಗಳು ಆಗಲೇ ಉತ್ತರದ ಸೈನ್ಯದ ಕೈಯಲ್ಲಿದ್ದವು, ಅಲ್ಲಿನ ಸಾವಿರಾರು ಜನ ಅಂತಿಮ ಘೋಷಣೆಗೆ ಸಹಿ ಬಿದ್ದ 1863ರ ಜನವರಿ 1ರಂದೇ ಸ್ವತಂತ್ರರಾದರು. ಉಳಿದ ಕಡೆ ಸೈನ್ಯ ಹೋದಂತೆ ಬಿಡುಗಡೆಯೂ ಹೋಯಿತು. ಇನ್ನೊಂದು, ಕಪ್ಪು ಜನರನ್ನು ಸೈನ್ಯಕ್ಕೆ ಸೇರಿಸಿಕೊಳ್ಳುತ್ತೇವೆ ಅಂತ ಘೋಷಣೆಯಲ್ಲೇ ಬರೆದಿತ್ತು. ಯುದ್ಧ ಮುಗಿಯುವ ಹೊತ್ತಿಗೆ ಸುಮಾರು 1,80,000 ಜನ ಸೇರಿದ್ದರು.

ಮಕ್ಕಳಿಗೆ ಸಹಿಯ ಸಂಗತಿ ಹೇಳಿ ಸರ್. ಅವತ್ತು ಹೊಸ ವರ್ಷದ ದಿನ. ಶ್ವೇತಭವನಕ್ಕೆ ಬಂದ ಜನರ ಕೈಕುಲುಕಿ ಕುಲುಕಿ ಲಿಂಕನ್ ಅವರ ಬಲಗೈ ಊದಿ ನಡುಗುತ್ತಿತ್ತು. ಪೆನ್ನು ಎತ್ತಿದರು, ಮತ್ತೆ ಕೆಳಗಿಟ್ಟರು. ಸಹಿ ನಡುಗಿದ್ದು ಕಂಡರೆ, ಇವನಿಗೆ ಮನಸ್ಸಿರಲಿಲ್ಲ ಅಂತ ಮುಂದೆ ಜನ ಹೇಳುತ್ತಾರೆ ಅಂದರು. ಆಮೇಲೆ ನಿಧಾನವಾಗಿ, ಒತ್ತಿ, ಪೂರ್ತಿ ಹೆಸರು ಬರೆದರು. ಸಾಮಾನ್ಯವಾಗಿ ಅವರು 'ಎ. ಲಿಂಕನ್' ಅಂತಷ್ಟೇ ಸಹಿ ಹಾಕುತ್ತಿದ್ದರು.

ಪ್ರಶ್ನೆ (ಸದಸ್ಯರು, ಹುಬ್ಬಳ್ಳಿ):
ಮೇಡಮ್ಮಾರೆ, ಆ ಯುದ್ಧದಿಂದ ನಮ್ಮ ಕಡೆ ಹತ್ತಿ ರೇಟು ಏರಿತ್ತು ಅಂತ ಹಿರಿಯರು ಹೇಳ್ತಿದ್ರು. ಖರೇನಾ?

ಉತ್ತರ:
ಖರೇ ರೀ. ಉತ್ತರದ ನೌಕಾಪಡೆ ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿತು, ಇಂಗ್ಲೆಂಡಿನ ಗಿರಣಿಗಳಿಗೆ ಅಮೆರಿಕದ ಹತ್ತಿ ಸಿಗದಾಯಿತು. ಅವರ ಕಣ್ಣು ಬಾಂಬೆ ಪ್ರಾಂತ್ಯದ ಕಡೆ ತಿರುಗಿತು. ಧಾರವಾಡ ಸೀಮೆಯಲ್ಲಿ ಅಮೆರಿಕದ ತಳಿಯ ಹತ್ತಿ ಆಗಲೇ ಬೆಳೆಯುತ್ತಿದ್ದರು, ಹಾಗಾಗಿ ಬೆಲೆ ಸಿಕ್ಕಾಪಟ್ಟೆ ಏರಿತು. 1862ರಲ್ಲಿ ಉತ್ತರ ಕನ್ನಡವನ್ನು ಮದ್ರಾಸಿನಿಂದ ಬಾಂಬೆ ಪ್ರಾಂತ್ಯಕ್ಕೆ ಸೇರಿಸಿದ್ದರ ಹಿಂದೆಯೂ ಕಾರವಾರ ಬಂದರಿನಿಂದ ಈ ಹತ್ತಿ ಸಾಗಿಸುವ ಲೆಕ್ಕ ಇತ್ತು. 1865ರಲ್ಲಿ ಯುದ್ಧ ಮುಗಿಯಿತು, ಬೆಲೆ ಬಿತ್ತು.

ಪ್ರಶ್ನೆ (ಬಿ.ಎ. ವಿದ್ಯಾರ್ಥಿನಿ, ಹಾವೇರಿ):
ಮೇಡಂ, ತುಂಬಾ ಥ್ಯಾಂಕ್ಸ್. ಇನ್ನೊಂದು ಕೇಳ್ತೀನಿ. 'ಅವರು ಮಾಡಿದ್ದೆಲ್ಲ ಯುದ್ಧ ಗೆಲ್ಲೋಕೆ ಅಷ್ಟೇ' ಅಂದ್ರೆ? ಮತ್ತೆ, ಲಿಂಕನ್ ಒಬ್ಬರೇ ಗುಲಾಮರನ್ನು ಬಿಡಿಸಿದರು ಅಂತ ಹೇಳಬಹುದಾ?

ಉತ್ತರ:
ಮೊದಲನೆಯದಕ್ಕೆ 1864ರ ಆಗಸ್ಟ್ ತಿಂಗಳನ್ನು ಇಟ್ಟುಕೊಳ್ಳಿ. ಚುನಾವಣೆಗೆ ಮೂರು ತಿಂಗಳೂ ಇರಲಿಲ್ಲ. ಯುದ್ಧ ಮುಗಿಯುವ ಲಕ್ಷಣ ಕಾಣದೆ ಜನ ಬೇಸತ್ತಿದ್ದರು. ಲಿಂಕನ್ ಅವರ ಪಕ್ಷದ ರಾಷ್ಟ್ರೀಯ ಸಮಿತಿ ಅಧ್ಯಕ್ಷ ಹೆನ್ರಿ ರೇಮಂಡ್, ನಾವು ಸೋಲುತ್ತೇವೆ, ಒಕ್ಕೂಟಕ್ಕೆ ಮರಳಿದರೆ ಸಾಕು ಅನ್ನೋ ಒಂದೇ ಷರತ್ತಿನ ಮೇಲೆ ದಕ್ಷಿಣದ ಜೊತೆ ಸಂಧಿಗೆ ಮುಂದಾಗಿ ಅಂತ ಒತ್ತಾಯಿಸಿದರು. ಗುಲಾಮಗಿರಿಯ ಮಾತನ್ನೇ ಕೈಬಿಡಿ ಅಂತ ಇದರ ಅರ್ಥ. ಬರೀ ಗೆಲುವಿನ ಲೆಕ್ಕ ಹಾಕುವ ಮನುಷ್ಯನಾಗಿದ್ದರೆ ಒಪ್ಪಿಬಿಡುತ್ತಿದ್ದರು. ಲಿಂಕನ್ ಅಂಥದ್ದೊಂದು ಪತ್ರದ ಕರಡು ಬರೆದು ನೋಡಿದರು, ಕಳಿಸಲಿಲ್ಲ. ನಮಗಾಗಿ ಹೋರಾಡಿದ ಕಪ್ಪು ಸೈನಿಕರನ್ನು ಮತ್ತೆ ಗುಲಾಮರನ್ನಾಗಿ ಮಾಡಿದರೆ ನನಗೆ ಈ ಲೋಕದಲ್ಲೂ ಕ್ಷಮೆ ಇಲ್ಲ, ಆಚೆಯೂ ಇಲ್ಲ ಅನ್ನೋ ಅರ್ಥದ ಮಾತನ್ನು ಅದೇ ತಿಂಗಳು ಭೇಟಿಗೆ ಬಂದವರ ಮುಂದೆ ಆಡಿದ್ದರು.

ಸೋಲು ಖಚಿತ ಅಂತ ಅವರಿಗೂ ಅನಿಸಿತ್ತು. ಆಗಸ್ಟ್ 23ರಂದು, ನಾನು ಸೋಲಬಹುದು, ಹೊಸ ಅಧ್ಯಕ್ಷರು ಬರುವವರೆಗೆ ಅವರ ಜೊತೆ ಸೇರಿ ಒಕ್ಕೂಟ ಉಳಿಸುವುದು ನನ್ನ ಕರ್ತವ್ಯ ಅಂತ ಒಂದು ಹಾಳೆಯಲ್ಲಿ ಬರೆದರು. ಒಳಗೆ ಏನಿದೆ ಅಂತ ಕಾಣದ ಹಾಗೆ ಮಡಚಿ, ಸಂಪುಟದ ಸದಸ್ಯರಿಂದ ಹಿಂಬದಿಗೆ ಸಹಿ ಹಾಕಿಸಿಕೊಂಡರು. ಸೆಪ್ಟೆಂಬರ್ 2ರಂದು ದಕ್ಷಿಣದ ಅಟ್ಲಾಂಟಾ ನಗರ ಉತ್ತರದ ಸೈನ್ಯದ ವಶವಾಯಿತು, ಗಾಳಿ ತಿರುಗಿತು. ನವೆಂಬರ್‌ನಲ್ಲಿ ಲಿಂಕನ್‌ಗೆ 212 ಎಲೆಕ್ಟೋರಲ್ ಮತ, ಎದುರಾಳಿ ಮೆಕ್‌ಕ್ಲೆಲನ್‌ಗೆ 21.

ಗೆದ್ದ ಮೇಲೂ ಸುಮ್ಮನಿರಲಿಲ್ಲ. ಯುದ್ಧ ಮುಗಿದರೆ ಘೋಷಣೆಯ ಬಲ ಏನಾಗುತ್ತೋ ಅನ್ನೋ ಆತಂಕ ಇತ್ತು. ಅದಕ್ಕೇ ಗುಲಾಮಗಿರಿಯನ್ನೇ ರದ್ದು ಮಾಡುವ ಸಂವಿಧಾನದ 13ನೇ ತಿದ್ದುಪಡಿ ಬೇಕಾಯಿತು. 1864ರ ಜೂನ್‌ನಲ್ಲಿ ಸಂಸತ್ತಿನ ಕೆಳಮನೆಯಲ್ಲಿ ಅದು ಬಿದ್ದುಹೋಗಿತ್ತು. ತಮ್ಮವರು ಹೆಚ್ಚು ಇರುವ ಹೊಸ ಸಭೆ ಬರುವವರೆಗೆ ಕಾಯಬಹುದಿತ್ತು, ಕಾಯಲಿಲ್ಲ. 1865ರ ಜನವರಿ 31ರಂದು 119–56 ಮತಗಳಿಂದ ಪಾಸಾಯಿತು. ಬೇಕಿದ್ದ ಮೂರನೇ ಎರಡಕ್ಕಿಂತ ಎರಡೇ ಮತ ಜಾಸ್ತಿ. ಗಡಿ ರಾಜ್ಯಗಳನ್ನೂ ಸೇರಿಸಿ ಇಡೀ ದೇಶದಲ್ಲಿ ಅದು ಜಾರಿಗೆ ಬಂದದ್ದು ಡಿಸೆಂಬರ್‌ನಲ್ಲಿ. ಆಗ ಲಿಂಕನ್ ಬದುಕಿರಲಿಲ್ಲ.

ಎರಡನೆಯದಕ್ಕೆ, 'ಒಬ್ಬರೇ' ಅನ್ನಬೇಡಿ. 1861ರ ಮೇ ತಿಂಗಳಲ್ಲಿ ವರ್ಜೀನಿಯಾದ ಮೂವರು ಗುಲಾಮರು, ಫ್ರ್ಯಾಂಕ್ ಬೇಕರ್, ಶೆಪರ್ಡ್ ಮ್ಯಾಲರಿ, ಜೇಮ್ಸ್ ಟೌನ್‌ಸೆಂಡ್, ರಾತ್ರಿ ದೋಣಿಯಲ್ಲಿ ಉತ್ತರದ ಸೈನ್ಯದ ಕೈಯಲ್ಲಿದ್ದ ಮನ್ರೋ ಕೋಟೆಗೆ ತಪ್ಪಿಸಿಕೊಂಡು ಬಂದರು. ಒಡೆಯನ ಕಡೆಯವನು ಬಂದು ವಾಪಸ್ ಕೇಳಿದ. ಕೋಟೆಯಲ್ಲಿದ್ದ ಜನರಲ್ ಬಟ್ಲರ್ ವಕೀಲರೂ ಆಗಿದ್ದರು. ನಿಮ್ಮ ರಾಜ್ಯ ಬೇರೆ ದೇಶ ಅಂತ ನೀವೇ ಹೇಳಿದ್ದೀರಿ, ಹಾಗಾದರೆ ಓಡಿಬಂದ ಗುಲಾಮರನ್ನು ಒಪ್ಪಿಸಬೇಕು ಅನ್ನೋ ನಮ್ಮ ದೇಶದ ಕಾನೂನು ನಿಮಗೆ ಯಾಕೆ ಅನ್ವಯ ಆಗಬೇಕು ಅಂದರು, ಅವರನ್ನು ವಾಪಸ್ ಕೊಡಲಿಲ್ಲ. ಸುದ್ದಿ ಹರಡಿತು, ನೂರಾರು ಜನ ಬಂದರು. ಲಿಂಕನ್ ಕರಡು ಬರೆಯುವುದಕ್ಕೆ ಒಂದು ವರ್ಷ ಮೊದಲೇ ಈ ಜನ ತಮ್ಮ ಕಾಲ ಮೇಲೆ ಹೊರಟಾಗಿತ್ತು.

ಎದುರು ತಂಡ ಇನ್ನೊಂದು ಬಾಣ ಬಿಡಬಹುದು. 1862ರ ಆಗಸ್ಟ್‌ನಲ್ಲಿ ಕಪ್ಪು ಜನರ ನಿಯೋಗದ ಮುಂದೆ ಲಿಂಕನ್, ನೀವು ಬೇರೆ ದೇಶಕ್ಕೆ ಹೋಗಿ ನೆಲೆಸುವುದು ಒಳ್ಳೆಯದು ಅಂದಿದ್ದರು. ಅದು ನೋಯಿಸುವ ಮಾತೇ, ಒಪ್ಪಿಕೊಳ್ಳಿ. ಒಪ್ಪಿಕೊಂಡು, 1865ರ ಏಪ್ರಿಲ್ 11ರ ಅವರ ಕೊನೆಯ ಭಾಷಣ ಹೇಳಿ. ಕಪ್ಪು ಜನರಲ್ಲಿ ತುಂಬಾ ಬುದ್ಧಿವಂತರಾದವರಿಗೆ ಮತ್ತು ಸೈನಿಕರಾಗಿ ಹೋರಾಡಿದವರಿಗೆ ಮತದ ಹಕ್ಕು ಸಿಗಲಿ ಅಂದರು. ಕೇಳುತ್ತಿದ್ದವರ ನಡುವೆ ಜಾನ್ ವಿಲ್ಕ್ಸ್ ಬೂತ್ ಇದ್ದ. ಮೂರು ದಿನಕ್ಕೆ ಲಿಂಕನ್ ಮೇಲೆ ಗುಂಡು ಹಾರಿಸಿದ.

ನಿಮಗೆ ಸಮಯ ಕಡಿಮೆ ಇದ್ದರೆ ಗ್ರೀಲಿ ಪತ್ರದ ತಾರೀಖು, 1864ರ ಆಗಸ್ಟ್, ಇವೆರಡನ್ನೇ ಬಿಡಿಸಿ ಹೇಳಿ. ಲಿಂಕನ್ ಅವರ ಪ್ರಸಿದ್ಧ ಗೆಟಿಸ್‌ಬರ್ಗ್ ಭಾಷಣ ಬೇಡ, ಅದನ್ನು ನಿಮ್ಮ ತಂಡದ ಬೇರೆಯವರು ಹೇಗೂ ಹೇಳುತ್ತಾರೆ.