ಪದಚರ್ಚೆ: ‘ಆಲ್ ಚಾನೆಲ್ಸ್ ಡ್ರಿವನ್’, ‘ಡಿಸ್ಟಾರ್ಷನ್’ – ಕನ್ನಡದಲ್ಲಿ ಏನನ್ನೋಣ?

ಪ್ರಶ್ನೆ
ಎಲ್ಲರಿಗೂ ನಮಸ್ಕಾರ. ಹೋಮ್ ಥಿಯೇಟರ್ ರಿಸೀವರ್‌ಗಳನ್ನು (ಸ್ಪೀಕರ್‌ಗಳನ್ನೆಲ್ಲ ನಡೆಸುವ ಪೆಟ್ಟಿಗೆ) ಹೋಲಿಸುವ ಲೇಖನವೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ನಾಳೆ ಸಂಜೆಯೊಳಗೆ ಕೊಡಬೇಕು. ‘ಆಲ್ ಚಾನೆಲ್ಸ್ ಡ್ರಿವನ್’ಗೆ ‘ಎಲ್ಲ ಚಾನೆಲ್ ಚಾಲಿತ’ ಸರಿಯೇ? ಒಳಗೆ ಹೋದ ಸದ್ದು ಹೊರಗೆ ಬರುವಾಗ ಕೆಡುವುದು, ಅಂದರೆ ‘ಡಿಸ್ಟಾರ್ಷನ್’ಗೆ ‘ವಿರೂಪ’ ಅಂತ ಬರೆದೆ, ಯಾಕೋ ಒಗ್ಗುತ್ತಿಲ್ಲ.

ಉತ್ತರ 1
‘ಚಾಲಿತ’ ಬೇಡವೇ ಬೇಡ. ಓದಿದವರು ಸ್ವಿಚ್ ಹಾಕಿದೆ ಅಂದುಕೊಳ್ಳುತ್ತಾರೆ. ಇಲ್ಲಿ ಕೇಳುತ್ತಿರುವುದು, ಏಳು ಚಾನೆಲ್‌ನ (ಒಂದೊಂದು ಸ್ಪೀಕರ್‌ಗೆ ಒಂದೊಂದು) ರಿಸೀವರ್‌ನಲ್ಲಿ ಏಳರ ಮೇಲೂ ಒಟ್ಟಿಗೆ ಹೊರೆ ಬಿದ್ದಾಗ ಎಷ್ಟು ವ್ಯಾಟ್ ಬರುತ್ತೆ ಅಂತ. ಏಳಕ್ಕೂ ಪವರ್ ಸಪ್ಲೈ ಒಂದೇ. ಎರಡೇ ಚಾನೆಲ್ ದುಡಿದಾಗ 100 ವ್ಯಾಟ್ ಕೊಟ್ಟ ರಿಸೀವರ್, ಏಳೂ ದುಡಿದಾಗ ಸಾಮಾನ್ಯವಾಗಿ ಅಷ್ಟು ಕೊಡುವುದಿಲ್ಲ. ‘ಎಲ್ಲ ಚಾನೆಲ್ ಒಟ್ಟಿಗೆ ದುಡಿದಾಗ’ ಅಂತ ಬರೆಯಿರಿ.

ಜೊತೆಗೆ ಎಷ್ಟು ಓಮ್ (ಸ್ಪೀಕರ್ ಒಡ್ಡುವ ತಡೆ), ಎಷ್ಟು ಪರ್ಸೆಂಟ್ ಡಿಸ್ಟಾರ್ಷನ್ ಅಂತಲೂ ಹಾಕಿ. ಒಬ್ಬರು 8 ಓಮ್‌ಗೆ, 20 ಹರ್ಟ್ಜ್‌ನಿಂದ 20 ಕಿಲೋಹರ್ಟ್ಜ್‌ವರೆಗೆ, 0.08 ಪರ್ಸೆಂಟ್‌ಗೆ ಹೇಳಿರುತ್ತಾರೆ. ಇನ್ನೊಬ್ಬರು 6 ಓಮ್‌ಗೆ, 1 ಕಿಲೋಹರ್ಟ್ಜ್ ಒಂದಕ್ಕೇ, 10 ಪರ್ಸೆಂಟ್‌ಗೆ. ಎರಡನ್ನೂ ‘ವ್ಯಾಟ್’ ಅನ್ನೋ ಒಂದೇ ಕಾಲಂನಲ್ಲಿ ಕೂರಿಸಿದರೆ ಅದು ಹೋಲಿಕೆಯೇ ಅಲ್ಲ. ಅಮೆರಿಕದಲ್ಲಿ ಗ್ರಾಹಕರ ಹಿತ ಕಾಯುವ ಸರ್ಕಾರಿ ಸಂಸ್ಥೆ ಎಫ್‌ಟಿಸಿ 1974ರಲ್ಲಿ ಆಂಪ್ಲಿಫೈಯರ್ (ಸದ್ದಿನ ಸಿಗ್ನಲ್ ಬಲಪಡಿಸುವ ಭಾಗ) ನಿಯಮ ತಂದಿದ್ದೇ ಈ ಗೋಳಿಗೆ. 2024ರಲ್ಲಿ ಅದನ್ನು ಮತ್ತೆ ಬಿಗಿ ಮಾಡಬೇಕಾಯಿತು.

ಉತ್ತರ 2
‘ವಿರೂಪ’, ‘ವಿಕೃತಿ’ ಎರಡೂ ಸಂಸ್ಕೃತದ ಸಾಲ. ‘ಡಿಸ್ಟಾರ್ಷನ್’ನ ಲ್ಯಾಟಿನ್ ಬೇರಿಗೆ ತಿರುಚು ಅಂತಲೇ ಅರ್ಥ. ‘ದನಿತಿರುಚು’ ಅನ್ನಿ. ‘ನಾಯ್ಸ್’ಗೆ ‘ಸದ್ದು’. ಅಚ್ಚಗನ್ನಡ ಇರುವಾಗ ಸಾಲ ಯಾಕೆ?

ಉತ್ತರ 3
ತಪ್ಪು. ‘ದನಿ’ ಬಂದಿದ್ದು ಧ್ವನಿಯಿಂದ, ‘ಸದ್ದು’ ಶಬ್ದದಿಂದ. ಎರಡೂ ತದ್ಭವ. ಅಚ್ಚಗನ್ನಡವೇ ಬೇಕಿದ್ದರೆ ‘ಉಲಿ’ ಇದೆ.

‘ತಿರುಚು’ ಅಂದರೆ ಬೇಕಂತಲೇ ಮಾಡುವ ಕೆಲಸ. ಮಾತು ತಿರುಚುತ್ತಾರೆ, ಸಾಕ್ಷಿ ತಿರುಚುತ್ತಾರೆ. ಆಂಪ್ಲಿಫೈಯರ್ ಹಾಗೆ ಮಾಡಲ್ಲ. 1 ಕಿಲೋಹರ್ಟ್ಜ್ ಒಳಗೆ ಬಿಟ್ಟರೆ 2, 3 ಕಿಲೋಹರ್ಟ್ಜ್ ಕೂಡ ಬೆರೆತು ಹೊರಗೆ ಬರುತ್ತೆ. ಅದು ‘ಕಲಬೆರಕೆ’. ಡಿಸ್ಟಾರ್ಷನ್ ಜೊತೆ ನಾಯ್ಸನ್ನೂ ಸೇರಿಸಿ ಸಿಗ್ನಲ್‌ಗೆ ಹೋಲಿಸಿ ಅಳೆಯುವ ‘ಸಿನಾಡ್’ ಅನ್ನೋ ಲೆಕ್ಕಕ್ಕೂ ಈ ಪದ ಹೊಂದುತ್ತೆ. ‘ಸೌಂಡ್ ಒಡೀತಿದೆ’ ಅನ್ನೋದು ಕ್ಲಿಪ್ ಆದಾಗ, ಅಂದರೆ ಆಂಪ್ಲಿಫೈಯರ್ ಮಿತಿ ಮೀರಿ ಅಲೆಯ ತುದಿ ಕತ್ತರಿಸಿಹೋದಾಗ ಮಾತ್ರ. ಅದನ್ನು ಇಲ್ಲಿಗೆ ಎಳೆಯಬೇಡಿ.

ಉತ್ತರ 2
ತದ್ಭವವಾದರೆ ಏನೀಗ? ಸಾವಿರ ವರ್ಷ ನಮ್ಮ ನಾಲಿಗೆ ಮೇಲೆ ಪಳಗಿದ ಪದ ನಮ್ಮದೇ. ‘ಕಲಬೆರಕೆ’ ಅಂದರೆ ಎಣ್ಣೆ, ಹಾಲಿನ ನೆನಪಾಗುತ್ತೆ. ಒಪ್ಪಲ್ಲ.

ಉತ್ತರ 4
ವ್ಯಾಟ್, ಓಮ್, ಚಾನೆಲ್ ಎಲ್ಲ ಒಪ್ಪಿಕೊಂಡ ಮೇಲೆ ‘ಡಿಸ್ಟಾರ್ಷನ್’ ಒಂದನ್ನೇ ಹೊರಗಿಡುವುದು ಯಾವ ನ್ಯಾಯ? ಕೊಳ್ಳುವವರು ಅಂಗಡಿಯಲ್ಲಿ ನೋಡುವುದು ಅದೇ ಪದ. ಹಾಗೇ ಬಿಡಿ.

ಕೇಳಿದವರು
ಎಲ್ಲರಿಗೂ ಧನ್ಯವಾದ. ‘ಎಲ್ಲ ಚಾನೆಲ್ ಒಟ್ಟಿಗೆ ದುಡಿದಾಗ, 8 ಓಮ್, 1 ಪರ್ಸೆಂಟ್ ಡಿಸ್ಟಾರ್ಷನ್’ ಅಂತ ಹಾಕಿದೆ. ಈ ಲೆಕ್ಕ ಸಿಗದ ರಿಸೀವರ್‌ಗಳ ವ್ಯಾಟ್ ಜಾಗ ಖಾಲಿ ಬಿಟ್ಟಿದ್ದೇನೆ.